ಸುಟ್ಟ ಕೈಯವನ ಗಂಟು

“ಗುರುಗಳೇ, ನಾನು ಮಾಡಿದ ಒಂದು ವಸ್ತುವನ್ನು ಎಲ್ಲರಿಗೂ ಕೊಡಬೇಕೆಂದಿದ್ದೇನೆ. ಕೊಡುವಾಗ ಎಷ್ಟು ಕಟ್ಟುಪಾಡು ಹಾಕಿ ಕೊಡಲಿ?”

ನೀಲಾಂಬಿಕೆ ಹೀಗೆ ಕೇಳಿದಾಗ ಗುರುಗಳು ಫೋನನ್ನು ಕಿವಿಗೆ ಹಿಡಿದು ಕೂತಿದ್ದರು. ಅವರಿಗೆ ಕಣ್ಣು ಕಾಣದಾಗಿ ಬಹಳ ಕಾಲವಾಗಿತ್ತು. ಜೀವಮಾನವೆಲ್ಲ ಓದಿಕೊಂಡು, ಓದಿಸಿಕೊಂಡು ಬಂದವರು. ಈಗ ಫೋನು ಓದಿದ್ದನ್ನು ಕೇಳುತ್ತಿದ್ದರು. ಆ ಫೋನಿನ ಕನ್ನಡವೋ ದೇವರಿಗೇ ಪ್ರೀತಿ. ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಿತ್ತು, ಒಂದು ಪದವನ್ನು ಮೂರು ಚೂರು ಮಾಡಿ ಉಗುಳುತ್ತಿತ್ತು. ಗುರುಗಳು ಆ ಚೂರುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಮುಂದಿನ ಸಾಲಿಗೆ ಹೋಗುತ್ತಿದ್ದರು. ಶಿಷ್ಯೆಯ ದನಿ ಕೇಳಿ ಅದರ ಬಾಯಿ ಮುಚ್ಚಿಸಿ ಪಕ್ಕಕ್ಕಿಟ್ಟರು.

“ಏನು ಮಾಡಿದ್ದೀಯ ತಾಯಿ? ಬಿಡಿಸಿ ಹೇಳು” ಎಂದರು.

ಅವಳು ಬಿಡಿಸಿ ಹೇಳಿದಳು. ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವುದು ಅವಳ ಕಸುಬು. ಯಂತ್ರಗಳು ಕನ್ನಡವನ್ನು ಎಡವದೆ ಓದಲಿ ಎಂದು ಅವಳು ಪ್ರೋಗ್ರಾಮಿನ ಒಂದು ಸಣ್ಣ ತುಣುಕು ಬರೆದಿದ್ದಳು; ಅವಳ ಕಸುಬಿನವರು ಅದನ್ನು ಲೈಬ್ರರಿ ಎನ್ನುತ್ತಾರೆ. ಅದು ತಾನಾಗಿ ಏನೂ ಓದುವುದಿಲ್ಲ. ಓದುವ ಪ್ರೋಗ್ರಾಮು ಯಾವುದೇ ಇರಲಿ, ಇದನ್ನು ತನ್ನೊಳಗೆ ಸೇರಿಸಿಕೊಂಡರೆ ಅದರ ನಾಲಿಗೆ ಸರಿಯಾಗಿ ತಿರುಗುತ್ತದೆ. ಕೆಲಸ ಮುಗಿದು ತಿಂಗಳುಗಳೇ ಕಳೆದಿದ್ದವು. ಆದರೂ ಅದು ಇನ್ನೂ ಅವಳ ಕಂಪ್ಯೂಟರಿನಲ್ಲೇ ಇತ್ತು. ಹೊರಗೆ ಬಿಡಬೇಕಾದರೆ ಅದರ ಜೊತೆ ಒಂದು ಲೈಸೆನ್ಸು ಇಡಬೇಕು; ಯಾರು ಅದನ್ನು ಹೇಗೆ ಬಳಸಬಹುದು ಎಂದು ಮೊದಲೇ ಹೇಳಬೇಕು. ಅಲ್ಲಿಗೆ ಬಂದು ಅವಳ ಕೈ ನಿಂತಿತ್ತು.

“ಎರಡು ದಾರಿ ಇದೆ ಗುರುಗಳೇ. ಒಂದು ಸಡಿಲವಾದದ್ದು. ಯಾರು ಬೇಕಾದರೂ ತೆಗೆದುಕೊಳ್ಳಿ, ತಿದ್ದಿಕೊಳ್ಳಿ, ಬೇಕಾದರೆ ಮುಚ್ಚಿಟ್ಟು ಮಾರಿಕೊಳ್ಳಿ; ನನ್ನ ಹೆಸರೊಂದನ್ನು ಉಳಿಸಿ, ಕೆಟ್ಟರೆ ನನ್ನನ್ನು ಕೇಳಬೇಡಿ ಎನ್ನುವುದು. ಇನ್ನೊಂದು ಬಿಗಿಯಾದದ್ದು. ಇದನ್ನು ಸೇರಿಸಿಕೊಂಡವರು ತಾವು ಮಾಡಿದ್ದನ್ನೂ ಹೀಗೆಯೇ ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು ಎನ್ನುವುದು. ತಮ್ಮದನ್ನು ತೆರೆದಿಡಬೇಕಾದೀತೆಂದು ಬಿಗಿಯಾದದ್ದನ್ನು ಫೋನಿನ ಕಂಪನಿಯವರು ಮುಟ್ಟುವುದಿಲ್ಲ ಎನ್ನುತ್ತಾರೆ. ಸಡಿಲ ಬಿಟ್ಟರೆ ನುಂಗಿ ನೀರು ಕುಡಿಯುತ್ತಾರೆ. ಹಿಂದೆ ಒಂದು ಸಲ ಸಡಿಲವಾಗಿಯೇ ಕೊಟ್ಟಿದ್ದೆ. ಯಾರೋ ತೆಗೆದುಕೊಂಡು, ಉಳಿಸಬೇಕಿದ್ದ ನನ್ನ ಹೆಸರನ್ನೂ ಒರೆಸಿ, ತಮ್ಮದೆಂದು ಮಾರಿದರು. ಆ ಉರಿ ಇನ್ನೂ ಆರಿಲ್ಲ.”

ಗುರುಗಳು ಸಮಾಧಾನ ಹೇಳಲು ಹೋಗಲಿಲ್ಲ. ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಅವನಿಗೆ ಒಂದು ಹಸು ಇತ್ತು. ಹುಟ್ಟಿದ ದಿನವೇ ತಾಯಿಯನ್ನು ಕಳೆದುಕೊಂಡ ಕರು ಅದು. ರೈತ ತನ್ನ ಬೆರಳನ್ನು ಹಾಲಿನಲ್ಲಿ ಅದ್ದಿ ಚೀಪಿಸಿ ಚೀಪಿಸಿ ಅದನ್ನು ಉಳಿಸಿಕೊಂಡಿದ್ದ. ಬೆಳೆದು ಹಸುವಾದ ಮೇಲೂ ಅದು ಅವನನ್ನು ಕಂಡರೆ ಮೊದಲು ಅವನ ಬೆರಳನ್ನೇ ಹುಡುಕುತ್ತಿತ್ತು.

ಒಂದು ಮಧ್ಯಾಹ್ನ ಕೊಟ್ಟಿಗೆಗೆ ಬೆಂಕಿ ಬಿತ್ತು. ರೈತ ಹೊಲದಿಂದ ಓಡಿ ಬಂದು ಒಳಗೆ ನುಗ್ಗಿದ. ಹಸುವನ್ನು ಗೂಟಕ್ಕೆ ಕಟ್ಟಿದ ಕಣ್ಣಿಯಲ್ಲಿ ಗಂಟು ಬಿಗಿದುಕೊಂಡಿತ್ತು. ಹೆದರಿದ ಹಸು ಜಗ್ಗಿದಷ್ಟೂ ಅದು ಇನ್ನೂ ಬಿಗಿಯಿತು. ಊರೆಲ್ಲ ಹಾಕುತ್ತಿದ್ದ ಗಂಟೇ ಅದು. ದನ ಬಿಡಿಸಿಕೊಂಡು ಹೋಗಬಾರದೆಂದು ಅಪ್ಪ ಅಜ್ಜಂದಿರ ಕಾಲದಿಂದ ಹಾಗೆಯೇ ಹಾಕಿಕೊಂಡು ಬಂದಿದ್ದರು. ಆ ಹೊತ್ತು ಅದು ಅವನ ಕೈಗೂ ಬಿಚ್ಚಲಿಲ್ಲ. ಕುಡುಗೋಲು ಹೊಲದಲ್ಲೇ ಉಳಿದಿತ್ತು. ಹೊತ್ತಿಕೊಂಡ ಹಗ್ಗಕ್ಕೇ ಬೆರಳು ಹಾಕಿ ಕೀಳುತ್ತಿದ್ದವನನ್ನು ಊರವರು ಎಳೆದು ಹೊರಗೆ ತಂದರು. ಹಸು ಉಳಿಯಲಿಲ್ಲ. ಅವನ ಬಲಗೈಯ ಬೆರಳುಗಳು ಸುಟ್ಟು ಮುರುಟಿಕೊಂಡವು, ಮತ್ತೆ ನೆಟ್ಟಗಾಗಲಿಲ್ಲ.

ಗಾಯ ಪೂರ್ತಿ ಮಾಯುವ ಮೊದಲೇ ಅವನು ಒಂದು ತುಂಡು ಹಗ್ಗ ಹಿಡಿದು ಕೂತ. ದನ ಜಗ್ಗಿದರೆ ಗಂಟು ಬಿಗಿಯಬೇಕು. ಮನುಷ್ಯ ಬಿಚ್ಚಬೇಕೆಂದಾಗ ಒಂದೇ ಎಳೆತಕ್ಕೆ ಬಿಚ್ಚಬೇಕು. ಅಂಥ ಗಂಟು ಯಾವುದು? ಕಂಬಕ್ಕೆ ಕಟ್ಟಿ ನೋಡಿದ, ಮರಕ್ಕೆ ಕಟ್ಟಿ ನೋಡಿದ, ಹೆಂಡತಿಯ ಬೀಸುವ ಕಲ್ಲಿನ ಗೂಟಕ್ಕೂ ಕಟ್ಟಿ ಬೈಸಿಕೊಂಡ. ಪಾಪ, ಹಸು ಸತ್ತ ಮೇಲೆ ಇವನಿಗೆ ತಲೆ ಕೆಟ್ಟಿತು ಎಂದು ಊರು ಮಾತಾಡಿಕೊಂಡಿತು. ಮುರುಟಿದ ಬೆರಳಿಗೆ ಗಂಟು ಹಾಕುವುದೇ ಒಂದು ಶಿಕ್ಷೆ. ಆದರೂ ಅವನು ಹಿಡಿದ ಹಗ್ಗ ಬಿಡಲಿಲ್ಲ.

ಕೊನೆಗೊಮ್ಮೆ ಗಂಟು ಕೂತಿತು. ಹಗ್ಗದ ತುದಿಯನ್ನು ಪೂರ್ತಿ ತೂರಿಸದೆ, ಮಡಿಸಿ ತೂರಿಸಿ, ಒಂದು ಗೇಣು ಬಾಲವನ್ನು ಹೊರಗೆ ಬಿಟ್ಟಿದ್ದ. ಊರಿನ ಪುಂಡ ಹೋರಿಯನ್ನು ತಂದು ಆ ಗಂಟು ಹಾಕಿ ಕಟ್ಟಿದರು. ಹೋರಿ ಗುದ್ದಾಡಿ ಗುದ್ದಾಡಿ ನೊರೆ ಕಾರಿತು, ಗಂಟು ಮಿಸುಕಲಿಲ್ಲ. ರೈತ ಬಂದು ಮುರುಟಿದ ಬೆರಳಿನಿಂದ ಬಾಲವನ್ನು ಎಳೆದ. ಕಣ್ಣಿ ಕಳಚಿ ನೆಲಕ್ಕೆ ಬಿತ್ತು. ನೋಡಲು ನಿಂತಿದ್ದವರೆಲ್ಲ ದಿಕ್ಕಾಪಾಲಾಗಿ ಓಡಿದರು.

ಆಮೇಲೆ ಅವನು ಬಂದವರಿಗೆಲ್ಲ ಅದನ್ನು ಕಲಿಸಿದ. ಹೊಲದ ಬದುವಿನಲ್ಲಿ, ಬಾವಿಯ ಕಟ್ಟೆಯ ಮೇಲೆ, ಎಲ್ಲಿ ಕೇಳಿದರೆ ಅಲ್ಲಿ. ಒಬ್ಬಾತನ ಹಸು ಆ ಬಾಲವನ್ನು ಹುಲ್ಲೆಂದು ಬಗೆದು ಜಗಿದು, ಎಳೆದು, ಬಿಡಿಸಿಕೊಂಡು ಪಕ್ಕದವನ ರಾಗಿ ಪೈರನ್ನು ಮೇದು ಬಂತು. ಹಸುವಿನ ಒಡೆಯ ಮೈಮೇಲೆ ಬಂದವನಂತೆ ಜಗಳಕ್ಕೆ ಬಂದ. ರೈತ ಹೇಳಿದ, “ಗಂಟು ತೋರಿಸಿಕೊಟ್ಟೆ, ಅಷ್ಟೇ ಕಣಣ್ಣ. ಬಾಲ ಎಷ್ಟುದ್ದ ಬಿಡಬೇಕು ಅನ್ನೋದನ್ನ ನಿನ್ನ ಹಸು ನೋಡಿ ನೀನೇ ತಿಳ್ಕೋಬೇಕು.” ಅಂದಿನಿಂದ ಕಲಿಸುವಾಗಲೆಲ್ಲ ಈ ಮಾತನ್ನೂ ಸೇರಿಸಿ ಹೇಳುವುದು ಅವನಿಗೆ ರೂಢಿಯಾಯಿತು.

ಕಲಿಯಲು ಬಂದವರಲ್ಲಿ ಒಬ್ಬ ವ್ಯಾಪಾರಿಯೂ ಇದ್ದ. ಬಹಳ ವಿನಯದಿಂದ ಕೂತು, ನಾಲ್ಕು ಸಲ ಕೇಳಿ, ಕಲಿತುಕೊಂಡು ಹೋದ.

ಮುಂದಿನ ವರ್ಷ ರೈತ ದನದ ಸಂತೆಗೆ ಹೋದಾಗ ಆ ವ್ಯಾಪಾರಿಯ ಅಂಗಡಿಯ ಮುಂದೆ ಜನ ಮುಗಿಬಿದ್ದಿದ್ದರು. ತೂಗುಹಾಕಿದ್ದ ಕಣ್ಣಿಗಳೆಲ್ಲ ಹೊಸವು. ಪ್ರತಿಯೊಂದರಲ್ಲೂ ಗಂಟಿನ ಸುತ್ತ ತೊಗಲು ಹೊಲಿದಿತ್ತು. ಗಂಟು ಕಾಣುತ್ತಿರಲಿಲ್ಲ, ಬಾಲ ಮಾತ್ರ ಹೊರಗಿತ್ತು. ಒಳಗೇನಿದೆ ಎಂದು ರೈತ ಕೇಳಿದ. ವ್ಯಾಪಾರಿಗೆ ಅವನ ಗುರುತೇ ಹತ್ತಲಿಲ್ಲ. “ಇದು ನಮ್ಮ ಮನೆತನದ ಗಂಟು. ಒಳಗಿರೋದನ್ನ ಹೇಳೋ ಹಾಗಿಲ್ಲ. ಬೇಕಾದ್ರೆ ಎಳೆದು ನೋಡು” ಎಂದು ಒಂದು ಕಣ್ಣಿಯನ್ನು ಅವನ ಕೈಗೆ ಕೊಟ್ಟ.

ರೈತ ಎಳೆದು ನೋಡಿದ. ಅದೇ ಗಂಟು. ಅದನ್ನು ಹಿಡಿದಿದ್ದ ತನ್ನ ಬೆರಳುಗಳನ್ನೂ ನೋಡಿಕೊಂಡ. ಅವನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ತನ್ನ ಹಸುವನ್ನೇ ಇವನು ತೊಗಲಿನಲ್ಲಿ ಸುತ್ತಿ ಮಾರುತ್ತಿದ್ದಾನೆ ಎನಿಸಿತು. ಕಣ್ಣಿಯನ್ನು ಅಲ್ಲೇ ಬಿಟ್ಟು ಊರಿಗೆ ಬಂದ.

ಬಂದವನು ಹೊಸ ಕಟ್ಟಳೆ ಮಾಡಿದ. ಇನ್ನು ಮುಂದೆ ತನ್ನ ಗಂಟು ಕಲಿಯುವವರು ತಮ್ಮ ದನದ ಬೆನ್ನಮೇಲೆ ಕೈಯಿಟ್ಟು ಆಣೆ ಮಾಡಬೇಕು. ಗಂಟನ್ನು ಮುಚ್ಚಿಡುವುದಿಲ್ಲ, ನೋಡಬೇಕೆಂದವರಿಗೆ ಬಿಚ್ಚಿ ತೋರಿಸುತ್ತೇನೆ, ನನ್ನಿಂದ ಕಲಿತು ಈ ಗಂಟು ಹಾಕುವವರೆಲ್ಲರಿಂದಲೂ ಇದೇ ಆಣೆ ಮಾಡಿಸುತ್ತೇನೆ ಎಂದು. ಆಣೆಯಲ್ಲಿ ಅನ್ಯಾಯದ ಮಾತು ಒಂದೂ ಇರಲಿಲ್ಲ. ಹೆಂಡತಿಯೂ ತಲೆಯಾಡಿಸಿ, ಸರಿಯಾಗಿದೆ ಎಂದಳು.

ಆದರೆ ಆ ಸೀಮೆಯಲ್ಲಿ ಆಣೆಯೆಂದರೆ ಆಟವಲ್ಲ. ದನದ ಬೆನ್ನಮೇಲೆ ಕೈಯಿಟ್ಟು ಮಾಡಿದ ಆಣೆಗೆ ತಿಳಿಯದೆ ತಪ್ಪಿದರೂ ಅದು ದನಕ್ಕೇ ತಟ್ಟುತ್ತದೆ ಎಂದು ಜನ ನಂಬಿದ್ದರು. ಕಲಿಯಲು ಬಂದವರು ಆಣೆಯ ಮಾತು ಕೇಳಿ, ಇನ್ನೊಂದು ದಿನ ಬರುತ್ತೇವೆ ಎಂದು ಎದ್ದರು. ಮೊದಲೇ ಕಲಿತಿದ್ದವರಲ್ಲಿ ಕೆಲವರು, ಆಣೆಯಿಲ್ಲದೆ ಕಲಿತದ್ದು ಅವನ ಮನಸ್ಸಿಗೆ ನೋವೇನೋ ಎಂದು ಸಂಕೋಚಪಟ್ಟು ಹಳೆಯ ಗಂಟಿಗೇ ಮರಳಿದರು. ವ್ಯಾಪಾರಿಗೆ ಯಾವ ಸಂಕೋಚವೂ ಇರಲಿಲ್ಲ. ಅವನು ಹೊಲಿಯುತ್ತಲೇ ಇದ್ದ, ಮಾರುತ್ತಲೇ ಇದ್ದ.

ಹೀಗಿರುವಾಗ ಒಬ್ಬ ಗಾಡಿಯವನು ರೈತನ ಮನೆಗೆ ಬಂದ. ಊರಿಂದೂರಿಗೆ ಬಾಡಿಗೆಗೆ ಹುಲ್ಲು, ಕಾಳು ಸಾಗಿಸುವವನು. ಅವನ ಎತ್ತುಗಳು ಬೀದಿಯಲ್ಲಿ ನಿಂತಿದ್ದವು. ಮೈಗೆ ಎಣ್ಣೆ ಹಚ್ಚಿ ತಿಕ್ಕಿದಂತೆ ಹೊಳೆಯುತ್ತಿದ್ದವು. ಗಂಟು ಕಲಿಸಬೇಕೆಂದು ಕೇಳಿದ. ರೈತ ಆಣೆಯ ಮಾತು ಹೇಳಿದ. ಗಾಡಿಯವನು ತಲೆ ಕೆರೆದುಕೊಂಡು ಬಹಳ ಹೊತ್ತು ಯೋಚಿಸಿದ.

“ನನ್ನ ಎತ್ತು ದಿನಕ್ಕೊಂದು ಊರಲ್ಲಿ, ದಿನಕ್ಕೊಬ್ಬರ ಕೈಲಿ ಕಟ್ಟಿಸ್ಕೊಳ್ತವೆ ಅಣ್ಣ. ಅವರೆಲ್ಲರ ಕೈಲೂ ಆಣೆ ಮಾಡ್ಸೋದು ನನ್ನಿಂದಾಗಲ್ಲ. ಮಾಡಿಸ್ದೆ ಇದ್ರೆ ನಾನಿಟ್ಟ ಆಣೆ ಸುಳ್ಳಾಗ್ತದೆ. ಎತ್ತಿಗೆ ಏನಾದ್ರೂ ಆದ್ರೆ ನಾನು ತಡ್ಕೊಳ್ಳಲ್ಲ. ಬೇಡ ಬಿಡು.”

“ಹಾಗಾದ್ರೆ ಆ ವ್ಯಾಪಾರಿ ಹತ್ರ ಒಂದು ಕಣ್ಣಿ ತಗೋ. ಅವನೇನೂ ಆಣೆ ಕೇಳಲ್ಲ” ಎಂದ ರೈತ. ಮಾತಿನಲ್ಲಿ ಕುಟುಕಿತ್ತು.

“ನಿನ್ನ ಕೈ ಸುಟ್ಟು ಹುಟ್ಟಿದ ಗಂಟು ಅಂತ ಗೊತ್ತಿದ್ದೂ ಅವನ ಹತ್ರ ಹೆಂಗೆ ತಗೊಳ್ಳಲಿ?” ಎಂದು ಗಾಡಿಯವನು ಎದ್ದ.

ಅವನು ಗಾಡಿ ಹೂಡುವುದನ್ನು ರೈತ ಜಗಲಿಯ ಮೇಲೆ ಕೂತು ನೋಡಿದ. ನಿಲ್ಲು, ಬಾ, ಕಲಿತು ಹೋಗು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಒಬ್ಬನಿಗೆ ಸಡಿಲ ಬಿಟ್ಟರೆ ಕಟ್ಟಳೆಗೆ ಬೆಲೆಯೇನು ಎಂದುಕೊಂಡು ಆ ಮಾತನ್ನು ನುಂಗಿಕೊಂಡ. ಗಾಡಿ ಬೀದಿಯ ತಿರುವಿನಲ್ಲಿ ಮರೆಯಾಯಿತು.

ಆ ಊರಿನಾಚೆ ಒಂದು ತೋಪಿತ್ತು. ದಾರಿಯ ಗಾಡಿಗಳು ಮಧ್ಯಾಹ್ನ ಅಲ್ಲಿ ತಂಗಿ, ಎತ್ತುಗಳನ್ನು ಮರಗಳಿಗೆ ಕಟ್ಟಿ, ಅಡುಗೆ ಮಾಡಿಕೊಳ್ಳುತ್ತಿದ್ದವು. ಸುಗ್ಗಿ ಮುಗಿದ ಕಾಲ. ಗಾಡಿಗಳ ತುಂಬ ಹುಲ್ಲು. ಒಂದು ಮಧ್ಯಾಹ್ನ ಗಾಳಿ ತಿರುಗಿ ಯಾರದೋ ಒಲೆಯ ಕಿಡಿ ಹುಲ್ಲಿಗೆ ಹಾರಿತು. ರೈತ ತನ್ನ ಹೊಲದಿಂದ ಹೊಗೆ ಕಂಡು ಓಡಿದ. ಈ ಸಲ ಕುಡುಗೋಲು ಕೈಯಲ್ಲಿತ್ತು.

ವ್ಯಾಪಾರಿಯ ಕಣ್ಣಿಯಿದ್ದವರು ಬಾಲ ಹಿಡಿದು ಎಳೆದರು. ಅವರ ಎತ್ತುಗಳು ಬಿಡುಗಡೆಯಾಗಿ ಬಯಲಿಗೆ ಓಡಿದವು. ಒಂದು ಕಣ್ಣಿಯ ತೊಗಲು ಮಳೆಗೆ ನೆನೆದು ಒಣಗಿ ಬಿರುಸಾಗಿ ಬಾಲವನ್ನು ಕಚ್ಚಿ ಹಿಡಿದಿತ್ತು. ರೈತ ಅದನ್ನು ಕುಡುಗೋಲಿನಿಂದ ಸೀಳಿದ. ಒಳಗಿನ ಗಂಟು ಒಂದೇ ಎಳೆತಕ್ಕೆ ಬಿಚ್ಚಿತು. ಅಲ್ಲಿಂದ ಮುಂದಿನ ಮರಕ್ಕೆ ಓಡಿದ.

ಮುಂದಿನ ಮರದ ಕೆಳಗೆ ಆ ಗಾಡಿಯವನಿದ್ದ. ಅವನ ಎರಡು ಎತ್ತುಗಳನ್ನೂ ಹಳೆಯ ಗಂಟು ಹಾಕಿ ಕಟ್ಟಿತ್ತು. ಅವು ಜಗ್ಗಿ ಜಗ್ಗಿ ಗಂಟು ಕಲ್ಲಾಗಿತ್ತು. ಗಾಡಿಯವನು ಹೊತ್ತಿಕೊಂಡ ಹಗ್ಗಕ್ಕೆ ಬೆರಳು ಹಾಕಿ ಕೀಳುತ್ತಿದ್ದ. ರೈತನಿಗೆ ತನ್ನ ಕೊಟ್ಟಿಗೆಯೇ ಕಣ್ಣಮುಂದೆ ಬಂದು ನಿಂತಿತು. ಹತ್ತಿರ ಹೋಗುವಷ್ಟರಲ್ಲಿ ಮೇಲಿನ ಕೊಂಬೆ ಉರಿಯುತ್ತ ಕುಸಿಯಿತು. ಅವನಿಗೆ ಗಾಡಿಯವನನ್ನು ಹಿಡಿದು ಹೊರಗೆಳೆಯಲು ಮಾತ್ರ ಆಯಿತು. ಎತ್ತುಗಳು ಎರಡೂ ಹೋದವು.

ಬೆಂಕಿ ಆರಿದ ಮೇಲೆ ಗಾಡಿಯವನು ಸುಟ್ಟ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ರೈತ ಅವನ ಎದುರಿಗೆ ಕೂತ. ಬಯ್ಯಲಿ, ಹೊಡೆಯಲಿ ಎಂದು ಕಾದ. ಗಾಡಿಯವನು ತಲೆಯೆತ್ತಿ, “ನಿಂದೇನೂ ತಪ್ಪಿಲ್ಲಣ್ಣ. ನೀನು ಕಲಿಸ್ತೀನಿ ಅಂದೆ. ಎತ್ತಿಗೆ ಏನಾದ್ರೂ ಆದೀತು ಅಂತ ನಾನೇ ಹೆದ್ರಿದೆ” ಎಂದ.

ಆ ಮಾತು ರೈತನ ಎದೆಯನ್ನು ಸೀಳಿತು. ಅವನು ತನ್ನ ಮುರುಟಿದ ಕೈಯಲ್ಲಿ ಆ ಸುಟ್ಟ ಕೈಯನ್ನು ಹಿಡಿದುಕೊಂಡು ಅತ್ತ. ಅವನ ಪಕ್ಕದಲ್ಲಿ ಸೀಳಿದ ತೊಗಲಿನ ಕಣ್ಣಿ ಬಿದ್ದಿತ್ತು. ಕದ್ದ ಗಂಟು ಎತ್ತುಗಳನ್ನು ಉಳಿಸಿತ್ತು. ತನ್ನ ನ್ಯಾಯವಾದ ಆಣೆ ಈ ಎರಡನ್ನು ಉಳಿಸಿರಲಿಲ್ಲ.

ಅಂದಿಗೆ ಅವನು ಆಣೆಯನ್ನು ಬಿಟ್ಟ. ಮುಂದಿನ ಸಂತೆಯಲ್ಲಿ ವ್ಯಾಪಾರಿಯ ಅಂಗಡಿಯ ಎದುರಿಗೇ ಒಂದು ಗೂಟ ನೆಟ್ಟು, ಹಗ್ಗ ಹಿಡಿದು ಕೂತ. ಬಂದವರಿಗೆಲ್ಲ ಕಲಿಸಿದ. ಕಲಿಸಿ ಎರಡೇ ಮಾತು ಹೇಳುತ್ತಿದ್ದ. “ಸುಟ್ಟ ಕೈಯವನು ತೋರ್ಸಿದ್ದು ಅಂತ ಹೇಳಿ. ಹೆಚ್ಚುಕಮ್ಮಿ ಆದ್ರೆ ನನ್ನ ಮೇಲೆ ಹಾಕ್ಬೇಡಿ. ಮಿಕ್ಕಿದ್ದು ನಿಮಗೆ ಬಿಟ್ಟಿದ್ದು.”

ಕೆಲವರು ಅವನ ಹೆಸರು ಹೇಳಿದರು, ಕೆಲವರು ಮರೆತರು. ದೂರದ ಊರುಗಳಲ್ಲಿ ಅದಕ್ಕೆ ಯಾರ ಹೆಸರೂ ಉಳಿಯಲಿಲ್ಲ. ಅವನಿಗೆ ನೋವಾಗಲಿಲ್ಲವೆಂದಲ್ಲ. ನಮ್ಮ ಮನೆತನದ ಗಂಟು ಎಂದು ವ್ಯಾಪಾರಿ ಕೂಗಿದಾಗಲೆಲ್ಲ ಅವನ ಹೊಟ್ಟೆ ಉರಿಯುತ್ತಲೇ ಇತ್ತು. ಆ ಉರಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಅವನು ಮುಂದಿನವನ ಕೈಗೆ ಹಗ್ಗ ಕೊಡುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ನೀಲಾಂಬಿಕೆಗೆ ಸಮಾಧಾನವಾಗಲಿಲ್ಲ. ಅವಳಿಗೆ ಆ ವ್ಯಾಪಾರಿಯ ಮುಖವೇ ಕಣ್ಣಿಗೆ ಕಟ್ಟಿತ್ತು. ಅದು ತನ್ನ ಹೆಸರು ಒರೆಸಿದವರ ಮುಖವೂ ಆಗಿತ್ತು.

“ವ್ಯಾಪಾರಿಗೆ ಏನೂ ಆಗಲಿಲ್ಲವೇ?”

“ಇಲ್ಲ. ಸುಖವಾಗಿ ಬಾಳಿದ.”

“ಇದು ನ್ಯಾಯವೇ ಗುರುಗಳೇ?”

“ಅಲ್ಲ” ಎಂದರು ಗುರುಗಳು.

ಅವಳು ಮುಂದಿನ ಮಾತಿಗೆ ಕಾದಳು. ಗುರುಗಳು ಕೈಚಾಚಿ ಚಾಪೆಯ ಮೇಲೆ ತಡಕಾಡಿ ಫೋನನ್ನು ತೆಗೆದುಕೊಂಡು ಕಿವಿಗೆ ಹಿಡಿದರು. ನಿಲ್ಲಿಸಿದ್ದ ಸಾಲನ್ನು ಅದು ಮತ್ತೆ ಓದತೊಡಗಿತು. ಒಂದು ಪದದ ಬಳಿ ಎಡವಿತು, ಚೂರು ಮಾಡಿತು, ಮುಂದೆ ಹೋಯಿತು. ಅವರು ಹುಬ್ಬು ಗಂಟಿಕ್ಕಿ ಆ ಚೂರುಗಳನ್ನು ಜೋಡಿಸುತ್ತಿರುವುದನ್ನು ಅವಳು ನೋಡಿದಳು. ತಿಂಗಳುಗಟ್ಟಲೆ ಅವರು ಇದನ್ನೇ ಮಾಡುತ್ತ ಕೂತಿದ್ದರು, ಒಮ್ಮೆಯೂ ದೂರಿರಲಿಲ್ಲ.

ಆ ಸಾಲು ಮುಗಿದ ಮೇಲೆ ಗುರುಗಳು ಹೇಳಿದರು, “ನೀನು ಕಣ್ಣಿಯ ಈ ತುದಿ ಹಿಡಿದು ನ್ಯಾಯ ಕೇಳುತ್ತಿದ್ದೀಯ ತಾಯಿ, ಆ ತುದಿಯಲ್ಲಿ ಕಟ್ಟಿಸಿಕೊಂಡು ನಾನಿದ್ದೇನೆ.”